ಗುಹೆಯಲ್ಲಿ ಸಿಕ್ಕ ಕೈ

ನಂದೊಳ್ಳಿಯ ಸುಭಾಷ ನಾಯ್ಕ ಯಾವ ಹೋರಾಟಕ್ಕೂ ಹುಟ್ಟಿದ ಮನುಷ್ಯನಲ್ಲ. ಸೊಸೈಟಿಯ ಸಭೆಯಲ್ಲಿ ಪರ ಇರುವವರು ಕೈ ಎತ್ತಿ ಎಂದರೆ ಎತ್ತುತ್ತಿದ್ದ. ವಿರೋಧ ಇರುವವರು ಎತ್ತಿ ಎನ್ನುವಾಗ, ಎತ್ತಿದ ಕೈ ಇಳಿಸಲು ಮರೆತು ಆ ಲೆಕ್ಕಕ್ಕೂ ಸಿಗುತ್ತಿದ್ದ. ಬಸ್ಸಿನಲ್ಲಿ ತನ್ನ ಸೀಟಿನ ಮೇಲೆ ಬೇರೆಯವರು ಕೂತಿದ್ದರೆ, ಅವರು ಇಳಿಯುವುದು ಯಾವ ಊರಿನಲ್ಲಿ ಎಂದು ವಿಚಾರಿಸಿಕೊಂಡು ಅಲ್ಲಿಯವರೆಗೆ ನಿಂತೇ ಇರುತ್ತಿದ್ದ. ಇಂಥವನು ‘ಗುಹೆ ಉಳಿಸಿ ಹೋರಾಟ ಸಮಿತಿ’ಯ ಅಧ್ಯಕ್ಷನಾಗಿ, ಹೆಗಲಿಗೆ ಹಸಿರು ಶಾಲು ಹಾಕಿಕೊಂಡು ತಹಶೀಲ್ದಾರರ ಕಚೇರಿಯ ಮೆಟ್ಟಿಲು ಹತ್ತಿದ ಎಂದರೆ ಅದಕ್ಕೊಂದು ಕಾರಣ ಇರಲೇಬೇಕು. ಇತ್ತು. ಆದರೆ ಅದು ನಾಲ್ಕು ಜನರ ಮುಂದೆ ಹೇಳುವಂಥ ಕಾರಣವಾಗಿರಲಿಲ್ಲ.

ಶಿರಸಿಯಿಂದ ಯಲ್ಲಾಪುರಕ್ಕೆ ಹೋಗುವ ರಸ್ತೆಯ ಪಕ್ಕದಲ್ಲಿ ‘ಸಹ್ಯಾದ್ರಿ ಮೋಜುವನ’ ಎಂಬುದೊಂದಿದೆ. ಹಾವೇರಿ ಕಡೆಯ ಪರಮೇಶ್ವರಪ್ಪನವರು ಮೆಣಸಿನಕಾಯಿ ವ್ಯಾಪಾರ ಸಾಕಾಗಿ, ಜನರನ್ನು ಬೇರೆ ರೀತಿಯಲ್ಲಿ ಕಣ್ಣಲ್ಲಿ ನೀರು ಬರುವಂತೆ ನಗಿಸಬೇಕೆಂದು ಕಟ್ಟಿದ ಜಾಗ ಅದು. ಜಾರುಬಂಡೆ, ತಿರುಗುವ ಕುದುರೆ, ಅಲೆ ಏಳುವ ಕೊಳ ಮುಂತಾದವು ಎಲ್ಲ ಕಡೆಯೂ ಇರುವಂಥವೇ. ಅಲ್ಲಿನ ವಿಶೇಷ ಎಂದರೆ ‘ಕಾಡುಜನರ ಗುಹೆ’. ದೋಣಿಯಲ್ಲಿ ಕೂತರೆ ಅದು ತಾನಾಗಿ ಕತ್ತಲ ಸುರಂಗದೊಳಗೆ ಹೋಗುತ್ತದೆ. ತಿರುವಿನಲ್ಲಿ ತಟ್ಟನೆ ಕೆಂಪು ದೀಪ ಹೊತ್ತಿ, ಮೂಗಿಗೆ ಎಲುಬು ಚುಚ್ಚಿಕೊಂಡ ಕರೀ ಗೊಂಬೆಗಳು ಈಟಿ ಹಿಡಿದು ಮೈಮೇಲೆ ಬರುತ್ತವೆ. ನಡುವೆ ಒಂದು ಹಂಡೆ, ಹಂಡೆಯಲ್ಲಿ ಟೊಪ್ಪಿ ಹಾಕಿದ ಬಿಳಿ ದೊರೆಯೊಬ್ಬ ಬೇಯುತ್ತಿರುತ್ತಾನೆ. ಇಂಥ ಜನ ಯಾವ ಕಾಡಿನಲ್ಲಿದ್ದರು ಎಂದು ಯಾರೂ ಕೇಳಿರಲಿಲ್ಲ. ನೋಡಲು ಬರುವ ಮೂರು ತಾಲೂಕಿನವರೂ ಕಾಡಿನ ಜನರೇ ಆದ್ದರಿಂದ, ಇದು ಬೇರೆ ಯಾವುದೋ ಕಾಡಿರಬೇಕು ಎಂದುಕೊಂಡು ಕಿರುಚಿ, ನಕ್ಕು, ಹೊರಗೆ ಬಂದು ಗಿರಮಿಟ್ಟು ತಿನ್ನುತ್ತಿದ್ದರು.

ಮೋಜುವನಕ್ಕೆ ಒಂದು ಅಭಿಮಾನಿ ಬಳಗವೂ ವಾಟ್ಸ್ಯಾಪಿನಲ್ಲಿತ್ತು. ರಿಯಾಯಿತಿ ಸಿಗುತ್ತದೆಂದು ಮಗಳು ಅನುಶ್ರೀ ಅಪ್ಪನನ್ನು ಅದಕ್ಕೆ ಸೇರಿಸಿದ್ದಳು. ಸುಭಾಷ ಅದನ್ನು ಬಹಳ ಕಾಲ ಶುಂಠಿ ದರದ ಗುಂಪು ಎಂದೇ ತಿಳಿದಿದ್ದ. ಒಂದು ಬೆಳಿಗ್ಗೆ ಅಲ್ಲಿ ಮಾಲಕರ ಪ್ರಕಟಣೆ ಬಂತು. ಗೊಂಬೆಗಳ ಬಗ್ಗೆ ಆಕ್ಷೇಪ ಬಂದಿರುವುದರಿಂದ ಕಾಡುಜನರ ಗುಹೆಯನ್ನು ಬದಲಾಯಿಸಿ, ಅದೇ ಸುರಂಗದಲ್ಲಿ ‘ಮಂಗಟ್ಟೆ ಹಕ್ಕಿಯ ಹೊಳೆ’ ಮಾಡಲಾಗುವುದು; ದೊಡ್ಡ ಕೊಕ್ಕಿನ ಹಕ್ಕಿಗಳು, ಮಾಗೋಡು ಜಲಪಾತದ ಮಾದರಿ, ಸುರಂಗದ ಉದ್ದಕ್ಕೂ ಝಗಝಗಿಸುವ ದೀಪ.

ಉದ್ದಕ್ಕೂ ದೀಪ ಎಂಬುದನ್ನು ಓದಿ ಸುಭಾಷ ಕೈಯಲ್ಲಿದ್ದ ಚಾ ಕೆಳಗಿಟ್ಟ. ಅವನು ಜನ್ಮದಲ್ಲಿ ಮೊದಲ ಸಲ ಒಂದು ಗುಂಪಿನಲ್ಲಿ ಬರೆದ: ‘ನನ್ನ ವಿರೋಧವಿದೆ.’

ಮಧ್ಯಾಹ್ನದ ಊಟದ ಹೊತ್ತಿಗೆ ಅಭಿಮಾನಿಗಳು ಎರಡು ಪಂಗಡವಾಗಿದ್ದರು. ಮುಂಡಗೋಡಿನ ಒಬ್ಬರು ಹಳೆಯ ಗುಹೆಯ ನೀರಿನ ತಂಪು ಹೊಸ ಹೊಳೆಗೆ ಬರಲಾರದು ಎಂದರು. ನೀರು ಅದೇ ಕೊಳವೆಯದು ಎಂದು ಇನ್ನೊಬ್ಬರು ಹೇಳಿದ್ದಕ್ಕೆ, ನಿಮಗೆ ಭಾವನೆ ಎಂಬುದಿಲ್ಲ ಎಂಬ ಉತ್ತರ ಬಂತು. ಎಡಗಡೆಯ ಗೊಂಬೆಯ ಈಟಿ ಮುರಿದೇ ಇರುವುದೂ ನಮ್ಮ ಪರಂಪರೆ ಎಂದು ಶಿರಸಿಯ ಅಡಿಕೆ ದಲಾಲರೊಬ್ಬರು ಉದ್ದಕ್ಕೆ ಬರೆದರು. ಹಕ್ಕಿ ಪಕ್ಷದವರು, ಮನುಷ್ಯರನ್ನು ಹಾಗೆ ತೋರಿಸುವುದು ತಪ್ಪು ಎಂದರು. ಗೊಂಬೆ ಪಕ್ಷದವರು, ಗೊಂಬೆ ಮನುಷ್ಯನಲ್ಲ ಎಂದರು. ಸಿದ್ದಾಪುರದಲ್ಲಿ ಒಂದು ಮದುವೆ ಮಾತುಕತೆ, ವರನ ಕಡೆಯವರು ಗೊಂಬೆ ಪಕ್ಷ ಎಂದು ಗೊತ್ತಾಗಿ ನಿಂತುಹೋಯಿತಂತೆ. ಇಷ್ಟೆಲ್ಲ ಶುರುವಾಗಿದ್ದು ಸುಭಾಷನಿಂದ ಆದ್ದರಿಂದ ಅವನೇ ಅಧ್ಯಕ್ಷ ಎಂದು ಯಾರೋ ಘೋಷಿಸಿದರು. ಬೇಡ ಎಂದು ಬರೆಯುವಷ್ಟರಲ್ಲಿ ಅಭಿನಂದನೆಗಳು ಬಂದಿದ್ದವು.

ಇನ್ನು ಆ ಕಾರಣ.

ಸುಭಾಷನಿಗೆ ಹೆಣ್ಣು ನೋಡಿದ್ದು ಆ ಗುಹೆಯಲ್ಲಿ. ಹುಡುಗಿ ದೊಡ್ಮನೆ ಕಡೆಯ ರೋಹಿಣಿ. ಮನೆಗೇ ಹೋಗಿ ನೋಡಿ ಆಮೇಲೆ ಬೇಡವೆಂದರೆ ಹುಡುಗಿಯ ಹೆಸರು ಹಾಳು. ಆದ್ದರಿಂದ ಎರಡೂ ಕಡೆಯವರು ಯಾವುದಾದರೂ ದೇವಸ್ಥಾನದಲ್ಲಿ ಅಕಸ್ಮಾತ್ ಸಿಕ್ಕಂತೆ ಸಿಗುವುದು ರೂಢಿ. ಆದರೆ ಶಿರಸಿಯ ಯಾವ ದೇವಸ್ಥಾನಕ್ಕೆ ಹೋದರೂ ಅಲ್ಲಿ ಹತ್ತು ಜನ ನೆಂಟರು ನಿಜವಾಗಿಯೂ ಅಕಸ್ಮಾತ್ ಸಿಗುತ್ತಿದ್ದರು. ‘ಹೊಸಾ ಪಾರ್ಕ್ ಆಗ್ಯದಂತೆ, ಅಲ್ಲಿಗೆ ನಮ್ಮೋರು ಯಾರೂ ಬರೂದಿಲ್ಲ’ ಎಂದು ಸೋದರಮಾವ ಕೆರಿಯಪ್ಪ ದಾರಿ ತೋರಿಸಿದ. ಯಲ್ಲಾಪುರದ ಖಾಜಾ ಹುಸೇನನ ಟ್ರ್ಯಾಕ್ಸ್ ಹತ್ತಿ ಹೋದರು. ಖಾಜಾ ಆಗ ಮೀಸೆ ಚಿಗುರುತ್ತಿದ್ದ ಹೊಸ ಡ್ರೈವರು.

ದೋಣಿಯ ಮುಂದಿನ ಹಲಗೆಯಲ್ಲಿ ಸುಭಾಷ ಮತ್ತು ರೋಹಿಣಿ, ನಡುವೆ ಒಂದು ಮೊಳ ಮರ್ಯಾದೆ. ಹಿಂದಿನ ಹಲಗೆಯಲ್ಲಿ ಕೆರಿಯಪ್ಪ, ಮತ್ತು ಟಿಕೆಟ್ಟು ಹೇಗೂ ತೆಗೆದಾಗಿದೆ ಬಾರೋ ಎಂದು ಅವನು ಎಳೆದುಕೊಂಡು ಬಂದ ಖಾಜಾ. ಸುಭಾಷ ಧೈರ್ಯ ಮಾಡಿ ಬಲಗೈಯನ್ನು ಹಲಗೆಯ ಒರಗಿನ ಮೇಲೆ, ಅವಳ ಬೆನ್ನಿಗೆ ತಾಗದಂತೆ ಚಾಚಿ ಇಟ್ಟಿದ್ದ. ಕತ್ತಲೆಯಾಯಿತು. ಕೆಂಪು ದೀಪ ಹೊತ್ತಿತು, ಗೊಂಬೆಗಳು ನುಗ್ಗಿದವು, ಮತ್ತೆ ಕತ್ತಲೆ. ಆಗ ಒಂದು ಕೈ ಬಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿಯಿತು. ಸುರಂಗ ಮುಗಿಯುವವರೆಗೂ ಬಿಡಲಿಲ್ಲ. ತುಸು ಒರಟು ಕೈ. ಕೆಲಸಗಾತಿ, ಎಂದುಕೊಂಡ ಸುಭಾಷ. ಹೊರಗೆ ಬಂದು ತಾಯಿಗೆ ಹೇಳಿದ್ದೂ ಅಷ್ಟೇ: ‘ಹುಡುಗಿ ಕೆಲಸಗಾತಿ. ನಂಗೆ ಒಪ್ಗೆ.’

ಆಮೇಲೆ ಆ ಕೈ ತಾನಾಗಿ ಬರಲೇ ಇಲ್ಲ. ಮದುವೆಯಲ್ಲಿ ಧಾರೆಯ ಹೊತ್ತಿಗೆ ಹಿಡಿದದ್ದು ಭಟ್ಟರು ಹಿಡಿಸಿದ ಕೈ, ಅದು ಲೆಕ್ಕಕ್ಕಿಲ್ಲ. ಅದು ಮೆತ್ತಗೂ ಇತ್ತು; ಮೆಹಂದಿ ಹಚ್ಚಿದರೆ ಹಾಗಾಗುತ್ತದೆ ಎಂದುಕೊಂಡಿದ್ದ. ರೋಹಿಣಿ ಒಳ್ಳೆಯ ಹೆಂಡತಿ. ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು, ತಟ್ಟೆಗೆ ಎರಡು ಸಲ ಬಡಿಸುತ್ತಿದ್ದಳು. ಆದರೆ ಸುಮ್ಮನೆ, ಕಾರಣವಿಲ್ಲದೆ, ಅವಳಾಗಿ ಕೈ ಹಿಡಿದದ್ದಿಲ್ಲ. ಅದಕ್ಕಾಗಿ ಅವನ ಜೀವ ಎಷ್ಟು ಹಂಬಲಿಸುತ್ತಿತ್ತು ಎಂದರೆ, ಒಮ್ಮೆ ಅವಳನ್ನು ಮಾಗೋಡಿಗೆ ಕರೆದುಕೊಂಡು ಹೋಗಿ ಪ್ರಪಾತದ ಅಂಚಿಗೇ ನಿಲ್ಲಿಸಿ, ‘ಕೆಳಗೆ ನೋಡು’ ಎಂದಿದ್ದ. ಅವಳು ನೋಡಿ, ಹೆದರಿ, ಸರಕಾರದ ಕಬ್ಬಿಣದ ಕಟಕಟೆ ಹಿಡಿದುಕೊಂಡಳು. ಅಲ್ಲಿಂದಾಚೆ ಅವನಿಗೆ ಉಳಿದದ್ದು ಗುಹೆಯೊಂದೇ. ಇನ್ನೊಮ್ಮೆ ಅವಳೊಡನೆ ಆ ಕತ್ತಲಲ್ಲಿ ಕೂರಬೇಕು. ಪ್ರತಿ ವರ್ಷ ಕೊಯ್ಲು ಮುಗಿಯಲಿ ಎನ್ನುತ್ತಿದ್ದ, ಕೊಯ್ಲು ಮುಗಿದರೆ ಮಗಳ ಪರೀಕ್ಷೆ ಬರುತ್ತಿತ್ತು. ಹಾಗೂ ಹೀಗೂ ಹೋದಾಗಲೆಲ್ಲ ನೆಂಟರ ಮಕ್ಕಳು ಜೊತೆಗಿದ್ದು ರೋಹಿಣಿ ದಡದ ಮೇಲೆ ಎಲ್ಲರ ಚೀಲ ಕಾಯುತ್ತಿದ್ದಳು. ಈಗ ನೋಡಿದರೆ ಉದ್ದಕ್ಕೂ ದೀಪ.

ತಹಶೀಲ್ದಾರ ಸಾಹೇಬರು ಮನವಿಯನ್ನು ಓದಿ ಕನ್ನಡಕ ತೆಗೆದರು.

‘ಗುಹೆ ಸರಕಾರದ್ದಾ, ಖಾಸಗಿಯದಾ?’

‘ಖಾಸಗಿ, ಸಾಹೇಬ್ರೆ,’ ಎಂದ ಸುಭಾಷ.

‘ಖಾಸಗಿಯವ್ರು ತಮ್ಮ ಗುಹೆಯಲ್ಲಿ ಹಕ್ಕಿ ಇಟ್ರೆ ನಾನೆಂತ ಮಾಡ್ಲಿ? ಹಕ್ಕಿ ವಿಷಯ ಅರಣ್ಯ ಇಲಾಖೆಗೆ ಬರ್ತದೆ. ದೀಪದ್ದು ವಿದ್ಯುತ್ತಿನವ್ರಿಗೆ. ನಿಮಗೆ ನನ್ನ ಕಡೆಯಿಂದ ಎಂತ ಆಗ್ಬೇಕು?’

‘ಕತ್ತಲೆ ಉಳೀಬೇಕು,’ ಎಂದ ಸುಭಾಷ.

ಸಾಹೇಬರು ಮನವಿಯನ್ನು ಮಡಚಿ ಪಕ್ಕಕ್ಕಿಟ್ಟರು. ‘ಕತ್ತಲೆ ಕೊಡೋ ಅಧಿಕಾರ ನಂಗಿಲ್ಲ, ನಾಯ್ಕರೆ,’ ಎಂದು ಮೆಲ್ಲಗೆ ಹೇಳಿ, ಕಾಫಿ ತರಿಸಿಕೊಟ್ಟು ಕಳಿಸಿದರು. ಹೊರಗೆ ಕಾಯುತ್ತಿದ್ದ ಕೆರಿಯಪ್ಪ, ಅಧಿಕಾರಿಗಳು ಕಾಫಿ ಕೊಟ್ಟರೆಂದರೆ ಅರ್ಧ ಗೆದ್ದಂತೆಯೇ ಎಂದು ಗುಂಪಿಗೆ ಸುದ್ದಿ ಹಾಕಿದ.

ಕೊನೆಗೆ ಪರಮೇಶ್ವರಪ್ಪನವರೇ ಎರಡೂ ಪಂಗಡವನ್ನು ಮೋಜುವನದ ಕ್ಯಾಂಟೀನಿಗೆ ಕರೆದರು. ಸುಭಾಷನ ಕಡೆಯವರು ಖಾಜಾ ಹುಸೇನನ ಟ್ರ್ಯಾಕ್ಸಿನಲ್ಲೇ ಬಂದರು. ಖಾಜಾನ ಮೀಸೆ ಈಗ ನರೆತಿತ್ತು. ಅಧ್ಯಕ್ಷರ ಭಾಷಣ ಕೇಳಬೇಕೆಂದು ಕೆರಿಯಪ್ಪ ರೋಹಿಣಿಯನ್ನೂ ಹೊರಡಿಸಿದ್ದ. ಅವಳು ಹೆಂಗಸರ ಸಾಲಿನಲ್ಲಿ ಬ್ಯಾಗು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

‘ನೋಡ್ರೀ, ನನಗ ಗೊಂಬಿ ಇದ್ರೂ ಅಷ್ಟ, ಹಕ್ಕಿ ಇದ್ರೂ ಅಷ್ಟ,’ ಎಂದರು ಪರಮೇಶ್ವರಪ್ಪ. ‘ಆದ್ರ ಈ ಬಾಯಾರು ಬಂದು ಒಂದು ಮಾತು ಹೇಳಿದ್ರು. ನೀವೂ ಕೇಳ್ರಿ.’

ಆ ಬಾಯಾರು ಎಂದರೆ ಪ್ರತಿಭಾ ಸಿದ್ದಿ. ಯಲ್ಲಾಪುರದ ಹೈಸ್ಕೂಲಿನಲ್ಲಿ ಆಟ ಕಲಿಸುವ ಟೀಚರು. ಆಕ್ಷೇಪ ಎತ್ತಿದವಳು ಅವಳೇ. ಅವಳು ನಿಂತುಕೊಂಡು ದನಿ ಏರಿಸದೆ ಹೇಳಿದಳು.

‘ಹಂಡೆ ಹತ್ರ ಸೌಟು ಹಿಡ್ಕೊಂಡಿರೋ ಗೊಂಬೆ ಇದೆಯಲ್ಲ, ಅದು ನಮ್ಮ ಅಜ್ಜ. ಈ ಸುರಂಗ ಅಗೆದೋರಲ್ಲಿ ಅಜ್ಜನೂ ಇದ್ದ. ಗೊಂಬೆ ಮಾಡೋರು ಬಂದು, ನಿನ್ನ ಮೂರ್ತಿ ಮಾಡ್ತೀವಿ ಕೂತ್ಕೋ ಅಂತ ಮುಖದ ಅಚ್ಚು ತಗೊಂಡ್ರು. ಕಟ್ಟಿದವ್ರ ಮೂರ್ತಿ ಬಾಗಿಲಲ್ಲಿ ಇಡ್ತಾರೆ ಅಂತ ಅಜ್ಜ ಕೇರಿಗೆಲ್ಲ ಹೇಳಿದ್ದ. ಶುರುವಾದ ದಿನ ಇಸ್ತ್ರಿ ಅಂಗಿ ಹಾಕ್ಕೊಂಡು, ನನ್ನ ಕೈ ಹಿಡ್ಕೊಂಡು ದೋಣಿ ಹತ್ತಿದ. ನಾನು ಸಣ್ಣೋಳು. ಕೆಂಪು ದೀಪ ಹೊತ್ತಿದಾಗ ಅಜ್ಜ ಗೊಂಬೆ ಮೇಲೆ ತನ್ನದೇ ಮುಖ ನೋಡ್ದ. ಮೂಗಲ್ಲಿ ಎಲುಬು. ಜನ ಕಿರುಚಿ ನಗ್ತಿದ್ರು. ಅಜ್ಜ ನನ್ನ ಕೈ ಬಿಟ್ಬಿಟ್ಟ.’

ಅವಳು ಗೊಂಬೆ ಪಕ್ಷದವರತ್ತ ತಿರುಗಿದಳು.

‘ಆಮೇಲೆ ಸಾಯೋ ತನಕ ಪೇಟೆಯಲ್ಲಿ ನನ್ನ ಕೈ ಹಿಡಿದು ನಡೀಲಿಲ್ಲ. ಅವನ ಜೊತೆ ನನ್ನನ್ನೂ ನೋಡಿ ನಗ್ತಾರೆ ಅಂತ. ನಾನು ಕೈ ಚಾಚ್ಕೊಂಡೇ ಹಿಂದೆ ಹೋಗ್ತಿದ್ದೆ.’

ಕ್ಯಾಂಟೀನಿನಲ್ಲಿ ಬಜೆ ಕರಿಯುತ್ತಿದ್ದವನು ಜಾಲರಿ ಕೆಳಗಿಟ್ಟು ಈಚೆ ಬಂದ. ಈಟಿಯ ಪರಂಪರೆಯ ದಲಾಲರು ಕೆಳಗೆ ನೋಡುತ್ತಿದ್ದರು. ಕೈಗಾಗಿ ಹಂಬಲಿಸುವುದು ಎಂದರೆ ಏನೆಂದು ಆ ಸಭೆಯಲ್ಲಿ ಸುಭಾಷನಿಗಿಂತ ಚೆನ್ನಾಗಿ ಗೊತ್ತಿದ್ದವರು ಯಾರು? ತನಗೆ ಕೈ ಸಿಕ್ಕಿದ ಜಾಗದಲ್ಲೇ ಈ ಹುಡುಗಿಯ ಕೈ ತಪ್ಪಿತ್ತು.

‘ನಾಯ್ಕರೆ, ನೀವು ಅಧ್ಯಕ್ಷರು,’ ಎಂದಳು ಪ್ರತಿಭಾ. ‘ನಿಮಗೆ ಆ ಗುಹೆಯಲ್ಲಿ ಎಂತ ಬೇಕು ಅಂತ ಹೇಳಿ. ಅದನ್ನ ಇಟ್ಕೊಂಡು ಉಳಿದದ್ದು ತೆಗೀಲಿ.’

ಸುಭಾಷ ಎದ್ದು ನಿಂತ. ಸಂಸ್ಕೃತಿ, ನಾಡು, ನುಡಿ ಎಂದೆಲ್ಲ ಬಾಯಿಪಾಠ ಮಾಡಿಕೊಂಡು ಬಂದದ್ದು ಒಂದೂ ಬಾಯಿಗೆ ಬರಲಿಲ್ಲ. ಬಂದದ್ದು ನಿಜ.

‘ನಂಗೆ ಗೊಂಬೆ ಬ್ಯಾಡ್ದಾಗಿತ್ತು. ಕತ್ತಲೆ ಬೇಕಾಗಿತ್ತು,’ ಎಂದ. ‘ಹೆಣ್ಣು ನೋಡಾಕೆ ಬಂದಾಗ, ಆ ಕತ್ತಲಲ್ಲಿ... ನಮ್ಮನೆಯವ್ಳು ನನ್ನ ಕೈ ಹಿಡ್ದಿದ್ಲು.’

ಸಭೆಯ ತಲೆಗಳೆಲ್ಲ ಹೆಂಗಸರ ಸಾಲಿನತ್ತ ತಿರುಗಿದವು. ರೋಹಿಣಿ ಕೆಂಪಾಗಬಹುದು, ಸೆರಗಿನಲ್ಲಿ ಮುಖ ಮುಚ್ಚಬಹುದು ಎಂದು ಎಲ್ಲರೂ ಕಾದರು. ಅವಳು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ನೆನಪು ಮಾಡಿಕೊಂಡಳು.

‘ನಾನಲ್ಲ,’ ಎಂದಳು.

‘ಎಂತ?’

‘ನಾನು ಹಿಡಿಲಿಲ್ಲ. ನನ್ನೆರಡೂ ಕೈ ಬ್ಯಾಗಿನ ಮೇಲಿತ್ತು. ಹೊಸಾ ಬ್ಯಾಗು, ಒದ್ದೆ ಆಗ್ತದೆ ಅಂತ ಅಪ್ಪಿ ಹಿಡ್ಕಂಡಿದ್ದೆ. ನಿಮ್ಮ ಕೈ ಎಲ್ಲಿತ್ತು ಅಂತ್ಲೇ ನಂಗೆ ಗೊತ್ತಿಲ್ಲ.’

ಕೆರಿಯಪ್ಪ ಕೂತಲ್ಲಿಂದಲೇ ತನ್ನ ಎರಡೂ ಕೈ ಎತ್ತಿ ಸಭೆಗೆ ತೋರಿಸಿದ. ‘ನನ್ನ ಕೈಯಲ್ಲಿ ಎಲೆ-ಅಡಿಕೆ ಕವಳದ ಸಂಚಿ ಇತ್ತು. ನನ್ನ ಮೇಲೆ ಹಾಕ್ಬ್ಯಾಡಿ.’

ಆಗ ಬಾಗಿಲ ಬಳಿ ನಿಂತಿದ್ದ ಖಾಜಾ ಹುಸೇನ್ ಕೆಮ್ಮಿದ. ಟ್ರ್ಯಾಕ್ಸಿನ ಕೀಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದ.

‘ಸುಭಾಷಣ್ಣ, ಮಾಫ್ ಮಾಡು,’ ಎಂದ. ‘ಅದು ನಾನು.’

ಸುಭಾಷ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡ.

‘ಹೆದ್ರಿಕೆ ಆಗಿತ್ತು ಮಾರಾಯ. ಹಲಗೆ ಹಿಡ್ಕಳ್ಳಾದು ಅಂತ ಕೈ ಚಾಚ್ದೆ, ನಿನ್ನ ಕೈ ಸಿಕ್ತು. ನೀನು ಬಿಡಿಸ್ಕಳ್ಲಿಲ್ಲ. ಎಷ್ಟ್ ಒಳ್ಳೆ ಮನುಷ್ಯ, ಹೆದ್ರಿದವ್ರಿಗೆ ಕೈ ಕೊಡ್ತಾನೆ ಅಂತ ಅವತ್ತೇ ಅಂದ್ಕಂಡೆ. ಅದಕ್ಕೇ ಇಷ್ಟು ವರ್ಷ ನೀನು ಕೊಟ್ಟ ಗಾಡಿ ಬಾಡಿಗೆಗೆ ಎದುರು ಮಾತಾಡ್ಲಿಲ್ಲ.’

‘ಅಂದ್ರ ನಾಯ್ಕರ,’ ಎಂದು ಪರಮೇಶ್ವರಪ್ಪನವರು ಲೆಕ್ಕ ತಿಳಿಯಾಗಿಸಿಕೊಳ್ಳುವವರಂತೆ ಕೇಳಿದರು, ‘ಗುಹಿ ಉಳಿಸೂ ಹೋರಾಟ ಅನ್ನೂದು ಖಾಜಾನ ಕೈ ಸಲುವಾಗಿ ಏನ್ರೀ?’

ಮೊದಲು ನಕ್ಕವಳು ಪ್ರತಿಭಾ. ತಡೆಯಲು ನೋಡಿದಳು, ಆಗಲಿಲ್ಲ, ಬಾಗಿ ಬೆಂಚು ಹಿಡಿದುಕೊಂಡು ನಕ್ಕಳು. ಅವಳು ನಕ್ಕ ಮೇಲೆ ಉಳಿದವರಿಗೂ ಅಪ್ಪಣೆ ಸಿಕ್ಕಂತಾಯಿತು. ಗೊಂಬೆ ಪಕ್ಷ ಹಕ್ಕಿ ಪಕ್ಷ ಎರಡೂ ಕಣ್ಣೊರೆಸಿಕೊಂಡು ಒಂದೇ ತಟ್ಟೆಯಿಂದ ಬಜೆ ತಿಂದವು. ಹೋರಾಟ ಸಮಿತಿ ಯಾವ ಠರಾವೂ ಇಲ್ಲದೆ ಅಲ್ಲಿಗೆ ಮುಗಿಯಿತು.

ಪ್ರತಿಭಾ ಮಾಲಕರಲ್ಲಿ ಕೇಳಿದ್ದು ಒಂದೇ. ‘ಅಜ್ಜನ ತಲೆ ಗುಜರಿಗೆ ಹಾಕ್ಬೇಡಿ. ಮನೆಗೆ ಕರ್ಕೊಂಡು ಹೋಗ್ತೀನಿ.’

ಆಳುಗಳು ಕಳಚಿ ತಂದರು. ಸುಭಾಷ ತನ್ನ ಅಧ್ಯಕ್ಷಗಿರಿಯ ಹಸಿರು ಶಾಲನ್ನು ತೆಗೆದು ಅದಕ್ಕೆ ಸುತ್ತಿ, ಪ್ರತಿಭಾಳೂ ಹತ್ತಿದ ಟ್ರ್ಯಾಕ್ಸಿನಲ್ಲಿ ಯಲ್ಲಾಪುರದವರೆಗೂ ತೊಡೆಯ ಮೇಲಿಟ್ಟುಕೊಂಡು ಕೂತ. ಮೂಗಿನ ಎಲುಬು ಮುಟ್ಟಿದ್ದೇ ಕೈಗೆ ಬಂತು, ಥರ್ಮೋಕೋಲಿನದು. ಅದನ್ನು ಕಿಟಕಿಯಿಂದ ಎಸೆದ. ಎಲುಬು ಹೋದ ಮೇಲೆ ನೋಡಿದರೆ ಯಾರೋ ಮರ್ಯಾದಸ್ಥ ಹಿರಿಯರು, ಏನೋ ಒಳ್ಳೆಯದಾಗಲಿದೆ ಎಂದು ಕಾಯುತ್ತಾ ಕಣ್ಣು ಮುಚ್ಚಿಕೊಂಡು ಕೂತವರ ಮುಖ. ಪ್ರತಿಭಾ ಇಳಿಯುವಾಗ ಅದನ್ನು ಮಗುವಿನಂತೆ ಎತ್ತಿಕೊಂಡಳು. ‘ಬರ್ತೀನಿ, ಅಧ್ಯಕ್ಷರೆ,’ ಎಂದಳು.

ಮನೆಗೆ ಬಂದ ಮೇಲೆ ಸುಭಾಷ ಅಂಗಳದ ಕಟ್ಟೆಯ ಮೇಲೆ ಕೂತೇ ಇದ್ದ. ಅವನಿಗೆ ನಾಚಿಕೆಗಿಂತ ಹೆಚ್ಚಾಗಿ ದುಃಖವಾಗಿತ್ತು. ಇಷ್ಟು ಕಾಲ ಯಾವುದು ಮತ್ತೆ ಬರಲಿ ಎಂದು ಕಾದಿದ್ದನೋ ಅದು ಮೊದಲಿಗೇ ಬಂದಿರಲಿಲ್ಲ. ರೋಹಿಣಿ ಚಾ ತಂದಿಟ್ಟಳು.

‘ಹಂಗಾರೆ ನೀನು ನನ್ನ ಒಪ್ಪಿದ್ದು ಎಂತಕ್ಕೆ?’ ಎಂದು ಕೇಳಿದ.

‘ಗುಹೆಯಿಂದ ಎಲ್ಲ ಬೆವತು ಬಿಳಚಿಕೊಂಡು ಬಂದ್ರು. ನೀವೊಬ್ರು ಹಬ್ಬದೂಟ ಮಾಡಿದವ್ರ ಹಂಗೆ ನಗ್ತಾ ಬಂದ್ರಿ. ಇಂಥಾ ಗಂಡಸು ಮನೇಲಿ ಕೂಗಾಡೂದಿಲ್ಲ ಅಂದ್ಕಂಡೆ. ಹಂಗೇ ಆಯ್ತಲ್ಲ.’

ತಾನು ನಗುತ್ತಾ ಬಂದದ್ದು ಯಾರ ಕೈಯಿಂದ ಎಂದು ಯೋಚಿಸುತ್ತಾ ಸುಭಾಷ ಚಾ ಎತ್ತಿಕೊಂಡ. ಅವನ ಸಂಸಾರದ ಬುಡದಲ್ಲಿ ಒಬ್ಬ ಟ್ರ್ಯಾಕ್ಸ್ ಡ್ರೈವರಿನ ಹೆದರಿಕೆ ಕೂತಿತ್ತು.

‘ಅಷ್ಟು ಆಸೆ ಇದ್ರೆ ಕೇಳ್ಬಾರ್ದಿತ್ತಾ?’ ಎಂದಳು ರೋಹಿಣಿ.

‘ಕೇಳಿದ್ರೆ ಹಿಡೀತಿದ್ಯಾ?’

ಅವಳು ಯೋಚಿಸಿದಳು. ‘ಇಲ್ಲ. ನಾಲ್ಕು ಜನ ನೋಡಿದ್ರೆ ಎಂತ ಹೇಳ್ತಾರೆ,’ ಎಂದು ಒಳಗೆ ಹೋದಳು.

ಮಂಗಟ್ಟೆ ಹಕ್ಕಿಯ ಹೊಳೆ ಶುರುವಾದ ದಿನ ಪರಮೇಶ್ವರಪ್ಪನವರು ಮಾಜಿ ಅಧ್ಯಕ್ಷರಿಗೆ ಕುಟುಂಬ ಸಮೇತ ಪುಕ್ಕಟೆ ಸವಾರಿ ಕೊಟ್ಟರು. ಬಾಗಿಲಲ್ಲಿ ಸುರಂಗ ಅಗೆದವರ ಹೆಸರು ಬರೆದ ಕಲ್ಲೊಂದಿತ್ತು. ಮುಂದಿನ ದೋಣಿಯಲ್ಲಿ ಪ್ರತಿಭಾ ತನ್ನ ಪುಟ್ಟ ಮಗಳ ಕೈ ಹಿಡಿದು ಕೂತಿದ್ದಳು. ಸುಭಾಷ ಮತ್ತು ರೋಹಿಣಿ ಮುಂದಿನ ಹಲಗೆಯಲ್ಲಿ ಕೂತರು, ಹಿಂದೆ ಕೆರಿಯಪ್ಪ. ಖಾಜಾ ಹುಸೇನ್ ಎಷ್ಟು ಕರೆದರೂ ಹತ್ತಲಿಲ್ಲ. ‘ನನ್ನ ಕೈ ಮೇಲೆ ನಂಗೇ ಭರವಸೆ ಇಲ್ಲ’ ಎಂದು ಎರಡೂ ಕೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡು, ಎಲ್ಲರಿಗೂ ಕಾಣುವಂತೆ ದಡದಲ್ಲಿ ನಿಂತ.

ದೋಣಿ ಒಳಗೆ ಹೋಯಿತು. ಹೇಳಿದಂತೆಯೇ ಉದ್ದಕ್ಕೂ ದೀಪ. ಮದುವೆ ಚಪ್ಪರದಲ್ಲೂ ಅಷ್ಟು ಬೆಳಕಿರುವುದಿಲ್ಲ. ಹಕ್ಕಿಗಳು ರೆಕ್ಕೆ ಬಡಿದವು, ಗೋಡೆಯ ಮೇಲೆ ಮಾಗೋಡು ಧುಮುಕಿತು. ಹೆದರುವಂಥದ್ದು ಒಂದೂ ಇರಲಿಲ್ಲ. ಚೆನ್ನಾಗಿಯೇ ಇತ್ತು. ಸುಭಾಷ ಬಲಗೈಯನ್ನು ಹಲಗೆಯ ಮೇಲೆ ಸುಮ್ಮನೆ ಇಟ್ಟುಕೊಂಡು, ಆಸೆ ಬಿಟ್ಟವನ ಸಮಾಧಾನದಲ್ಲಿ ಹಕ್ಕಿ ನೋಡುತ್ತಿದ್ದ.

ರೋಹಿಣಿ ಸೆರಗು ಸರಿಮಾಡಿಕೊಂಡಳು. ಎಷ್ಟು ಸರಿಮಾಡಿದರೂ ಅದು ಸರಿಯಾಗುವಂತೆ ಕಾಣಲಿಲ್ಲ. ಕೊನೆಗೆ ಅದರ ತುದಿ ಅವಳ ಮಡಿಲಿನಿಂದ ಜಾರಿ ಹಲಗೆಯ ಮೇಲೆ, ಅವನ ಕೈಯನ್ನೂ ಮುಚ್ಚಿ ಬಿತ್ತು. ಅಷ್ಟು ದೀಪಗಳ ನಡುವೆ ಅಲ್ಲೊಂದು ಗೇಣು ಕತ್ತಲೆಯಾಯಿತು. ಆ ಕತ್ತಲೆಯೊಳಗೆ ಒಂದು ಕೈ ಬಂದು ಅವನ ಕೈಯನ್ನು ಗಟ್ಟಿಯಾಗಿ ಹಿಡಿಯಿತು.

ಅವನು ಮೊದಲು ಹಿಂದೆ ತಿರುಗಿ ನೋಡಿದ. ಕೆರಿಯಪ್ಪ ಎರಡೂ ಕೈ ಬಳಸಿ ಕವಳ ಕಟ್ಟುತ್ತಿದ್ದ. ಆಮೇಲೆ ಪಕ್ಕಕ್ಕೆ ನೋಡಿದ. ರೋಹಿಣಿ ಏನೂ ಗೊತ್ತಿಲ್ಲದವಳಂತೆ ಹಕ್ಕಿಗಳನ್ನೇ ನೋಡುತ್ತಿದ್ದಳು, ಬ್ಯಾಗು ಅವಳ ಕಾಲ ಬಳಿ ನೀರಿನಲ್ಲಿ ಒದ್ದೆಯಾಗುತ್ತಿತ್ತು.

ಕೈ ಒರಟಾಗಿತ್ತು. ಧಾರೆಯ ದಿನ ಮೆತ್ತಗಿದ್ದ ಕೈ, ಇಷ್ಟು ವರ್ಷ ಅವನ ಮನೆಯಲ್ಲಿ ದುಡಿದು ಖಾಜಾ ಹುಸೇನನ ಕೈಗಿಂತ ಒರಟಾಗಿತ್ತು.

ಕೆಲಸಗಾತಿ, ಎಂದುಕೊಂಡ ಸುಭಾಷ.